ಶುಕ್ರವಾರ ಸಂಜೆಯ ಅಪ್‌ಗ್ರೇಡ್

ಮ್ಯಾನೇಜರ್: ಏನ್ರೀ ಇದು, ಕ್ಲೌಡ್ ಸರ್ವರ್ ಹಳ್ಳಿ ಕರೆಂಟ್ ಥರ ಬರುತ್ತೆ, ಹೋಗುತ್ತೆ?

ಇಂಜಿನಿಯರ್: ಲಿನಕ್ಸ್ ಅಪ್‌ಗ್ರೇಡ್ ಇವತ್ತೇ ಮುಗಿಸಿ ಅಂದ್ರಲ್ಲ ಸರ್. ಕರ್ನಲ್ ಹೊಸದಾಯ್ತು. ನಾವು ಬೇರೆಯಾಗಿ ಹಾಕಿದ್ದ ನೆಟ್‌ವರ್ಕ್ ಡ್ರೈವರ್ ಹಳೇ ಕರ್ನಲ್‌ಗೇ ಉಳೀತು. ಈಗ ಕರ್ನಲ್ ಜೊತೆ ಬಂದ ಡ್ರೈವರ್ ಓಡ್ತಿದೆ, ಅದರಲ್ಲಿ ಲಿಂಕ್ ನಿಲ್ತಿಲ್ಲ.

ಮ್ಯಾನೇಜರ್: ರೀಬೂಟ್ ಮಾಡಿದ್ರಾ?

ಇಂಜಿನಿಯರ್: ರೀಬೂಟ್ ಮಾಡಿದ್ದಕ್ಕೇ ಹೀಗಾಗಿದ್ದು ಸರ್.

ಮ್ಯಾನೇಜರ್: ಡ್ರೈವರ್ ತಾನಾಗೇ ಮತ್ತೆ ಕಂಪೈಲ್ ಆಗುತ್ತೆ ಅಂದಿದ್ರಿ?

ಇಂಜಿನಿಯರ್: ಡಿಕೆಎಂಎಸ್ ಆ ಕೆಲಸ ಮಾಡುತ್ತೆ, ಹೊಸ ಕರ್ನಲ್‌ನ ಹೆಡರ್ ಪ್ಯಾಕೇಜ್ ಇದ್ದರೆ. ಡಿಸ್ಕ್ ಜಾಗ ಉಳಿಸೋಕೆ ಅದು ಬೇಡ ಅಂದಿದ್ದು ತಾವೇ.

ಮ್ಯಾನೇಜರ್: ಈಗ ಹಾಕ್ರೀ!

ಇಂಜಿನಿಯರ್: ಡೌನ್‌ಲೋಡ್ ಆಗಬೇಕು. ಅದಕ್ಕೆ ನೆಟ್‌ವರ್ಕ್ ಬೇಕು. ಅರ್ಧ ಇಳಿಯೋ ಹೊತ್ತಿಗೆ ‘ಲಿಂಕ್ ಡೌನ್’ ಅನ್ನುತ್ತೆ.

(ಮೌನ. ಇಂಥ ಹೊತ್ತಲ್ಲಿ ಮ್ಯಾನೇಜರುಗಳು ಸಾಮಾನ್ಯವಾಗಿ ಇನ್ನೂ ನಾಲ್ಕು ಜನರನ್ನು ಕಾಲ್‌ಗೆ ಸೇರಿಸುತ್ತಾರೆ. ಸೇರಿಸಿದರು.)

ಮ್ಯಾನೇಜರ್: ಅಲರ್ಟ್ ಯಾಕೆ ಬರಲಿಲ್ಲ?

ಇಂಜಿನಿಯರ್: ಅಲರ್ಟ್ ಕಳಿಸೋ ಸರ್ವರೂ ಇದೇ ಸರ್.

ಮ್ಯಾನೇಜರ್: ಮತ್ತೆ ದಾರಿ?

ಇಂಜಿನಿಯರ್: ಸೀರಿಯಲ್ ಕನ್ಸೋಲ್‌ನಲ್ಲಿ ಒಳಗೆ ಹೋಗಿ, ಗ್ರಬ್ ಮೆನುವಿನಲ್ಲಿ ಹಳೇ ಕರ್ನಲ್ ಆರಿಸೋದು.

ಹಾಗೇ ಮಾಡಿದರು. ಸರ್ವರ್ ಹಳೇ ಕರ್ನಲ್‌ನಲ್ಲಿ ಎದ್ದು ಕೂತಿತು. ಅಪ್‌ಗ್ರೇಡ್ ಯಶಸ್ವಿಯಾಗಿದೆ ಎಂದು ಮೇಲಿನವರಿಗೆ ವರದಿ ಹೋಯಿತು.