ರಸೀದಿ ಇದ್ದರೆ ಪೊಳ್ಳೂ ಗಟ್ಟಿ

1971ರಲ್ಲಿ ಅಮೆರಿಕದ ಒಬ್ಬ ಕೈದಿ ಸೈತಾನನ ಮೇಲೆ ದಾವೆ ಹೂಡಿದ. ಸೈತಾನನ ಸಿಬ್ಬಂದಿಯನ್ನೂ ಬಿಡಲಿಲ್ಲ. ನನ್ನ ಬಾಳು ಕೆಡಿಸಿದ್ದು ಇವರೇ ಎಂದ. ಕೋರ್ಟ್ ಫೀಗೆ ಕಾಸಿಲ್ಲ, ವಿನಾಯಿತಿ ಕೊಡಿ ಎಂದೂ ಕೇಳಿದ. ಪೆನ್ಸಿಲ್ವೇನಿಯಾದ ಫೆಡರಲ್ ನ್ಯಾಯಾಧೀಶರು ಗಂಭೀರವಾಗಿ ಉತ್ತರ ಬರೆದರು: ಪ್ರತಿವಾದಿ ಈ ಜಿಲ್ಲೆಯ ನಿವಾಸಿ ಎನ್ನಲು ಆಧಾರವಿಲ್ಲ. ನೋಟಿಸ್ ಜಾರಿ ಮಾಡಲು ದಾರಿಯನ್ನೂ ತೋರಿಸಿಲ್ಲ. ಅರ್ಜಿ ತಿರಸ್ಕೃತ.

ವಕೀಲರು ಐವತ್ತು ವರ್ಷಗಳಿಂದ ಇದನ್ನು ಹೇಳಿಕೊಂಡು ನಗುತ್ತಿದ್ದಾರೆ. ನಗಲಿ. ಬಡವನ ಹುಚ್ಚನ್ನು ನೋಡಿ ನಗುವುದಕ್ಕೆ ಫೀ ಇಲ್ಲ.

ಕಾಸಿಲ್ಲದವನೂ ಮುಂಗಡ ಶುಲ್ಕವಿಲ್ಲದೆ ಫೆಡರಲ್ ಕೋರ್ಟಿಗೆ ಬರಬಹುದು ಎಂದು 1892ರಲ್ಲೇ ಕಾನೂನಾಯಿತು. ದೊಡ್ಡ ಮನಸ್ಸು. ಜೊತೆಗೊಂದು ಕೊಕ್ಕೆ. ಕೇಸು ಪೊಳ್ಳೆನಿಸಿದರೆ ನೋಟಿಸ್ ಹೊರಡುವ ಮೊದಲೇ ಕಸದ ಬುಟ್ಟಿಗೆ. ಜೇಲಿನ ಹೊರಗಿದ್ದು ಪೂರ್ತಿ ಫೀ ಎಣಿಸಿದವನಿಗೆ ಈ ಕಲಮು ತಾಗುವುದಿಲ್ಲ.

1996ರಲ್ಲಿ ಆ ದೊಡ್ಡ ಮನಸ್ಸೂ ಮುದುಡಿತು. ಕೈದಿಗೆ ಮಾಫಿಯಿಲ್ಲ, ಕಂತು ಮಾತ್ರ. ಅವನ ಖಾತೆಗೆ ಬಿದ್ದದ್ದರಲ್ಲಿ ತಿಂಗಳಿಗೆ ಶೇ. 20 ಕಡಿತ. ಕೇಸು ವಜಾ ಆದರೂ ಬಾಕಿ ವಜಾ ಆಗದು. ಪೊಳ್ಳೆನಿಸಿ ಮೂರು ಕೇಸು ವಜಾ ಆದರೆ ಕಂತಿನ ದಾರಿಯೂ ಬಂದ್. ಮೈಗೆ ಗಂಭೀರ ಅಪಾಯ ಎದುರಿಗೇ ಬಂದು ನಿಂತಿದ್ದರೆ ಮಾತ್ರ ಬಾಗಿಲು ತೆರೆದೀತು. ಬಡವನ ಕೋಪ ದವಡೆಗೆ ಮೂಲ. ಇಲ್ಲಿ ಜೇಲಿನ ಖಾತೆಗೂ ಮೂಲ.

ಕೋರ್ಟಿನ ಸಮಯ ಅಮೂಲ್ಯವಂತೆ. ಒಪ್ಪಿದೆ.

ಹಾಗಾದರೆ ವಾಷಿಂಗ್ಟನ್ನಿನ ಒಬ್ಬ ಆಡಳಿತ ನ್ಯಾಯಾಧೀಶರ ಪ್ಯಾಂಟಿಗೆ ಏನನ್ನೋಣ? ಲಾಂಡ್ರಿಯವರು ಪ್ಯಾಂಟು ಕಳೆದರೆಂದು ಕೇಳಿದ ಪರಿಹಾರ 5 ಕೋಟಿ 40 ಲಕ್ಷ ಡಾಲರ್. 2007ರಲ್ಲಿ ಸಾಕ್ಷಿ ಸಮೇತ ವಿಚಾರಣೆ ನಡೆಯಿತು. ಲಾಂಡ್ರಿಯವರು ಗೆದ್ದರು. ಗೆದ್ದು ಅಂಗಡಿ ಮುಚ್ಚಿದರು.

2022ರಲ್ಲಿ ಡೊನಾಲ್ಡ್ ಟ್ರಂಪ್ ಅವರು ಹಿಲರಿ ಕ್ಲಿಂಟನ್ ಮತ್ತಿತರರ ಮೇಲೆ ಫ್ಲೋರಿಡಾದಲ್ಲಿ ದಾವೆ ಹೂಡಿದರು. ಫೀ ಬರೀ ನಾನೂರು ಚಿಲ್ಲರೆ ಡಾಲರ್. ಎದುರಾಳಿಗಳ ವಕೀಲರು ತಿಂಗಳುಗಟ್ಟಲೆ ದುಡಿದ ಮೇಲೆ ಕೇಸು ವಜಾ. ಇದು ತೀರಾ ಪೊಳ್ಳು ಎಂದು 2023ರಲ್ಲಿ ನ್ಯಾಯಾಧೀಶರು ಟ್ರಂಪ್‌ಗೂ ಅವರ ವಕೀಲರಿಗೂ 9 ಲಕ್ಷ 37 ಸಾವಿರ ಡಾಲರಿಗೂ ಹೆಚ್ಚು ದಂಡ ಹಾಕಿದರು. ಮೂರು ಸಲ ಸೋತರೆ ಬಾಗಿಲು ಬಂದ್ ಎಂಬ ನಿಯಮ ಕೋಟ್ಯಧಿಪತಿಗಳಿಗಿಲ್ಲ. ಅವರು ನೂರು ಸಲ ಸೋಲಬಹುದು. ಸೋಲಲು ಬೇಕಾದ ಕಾಸು ಅವರಲ್ಲಿದೆ.

ಇನ್ನೊಂದು ವಿಷಯವನ್ನು ಕೋರ್ಟಿನ ಈ ಸಮಯಪಾಲಕರು ಜಾಣತನದಿಂದ ಮರೆಯುತ್ತಾರೆ. 1962ರಲ್ಲಿ ಕ್ಲಾರೆನ್ಸ್ ಗಿಡಿಯನ್ ಎಂಬ ಕೈದಿ ಫ್ಲೋರಿಡಾದ ಜೇಲಿನಿಂದ ಪೆನ್ಸಿಲಿನಲ್ಲಿ ಅರ್ಜಿ ಗೀಚಿದ. ಅದೂ ಫೀ ಇಲ್ಲದ್ದೇ. ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ಸರ್ಕಾರವೇ ವಕೀಲರನ್ನು ಒದಗಿಸಬೇಕು ಎಂದು 1963ರಲ್ಲಿ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ತೀರ್ಪಿತ್ತದ್ದು ಅದೇ ಅರ್ಜಿಯ ಮೇಲೆ.

ಪೊಳ್ಳು ಕೇಸಿಗೆ ಜರಡಿ ಬೇಡ ಎಂದವರಾರು? ಹಿಡಿಯಿರಿ. ಆದರೆ ಕೈಯಲ್ಲಿ ರಸೀದಿ ಇದೆಯೇ ಎಂದು ನೋಡದೆ ಹಿಡಿಯಿರಿ.