ಅಗ್ಗಮಣಿದರ್ಪಣ: ಅನ್ಯಗ್ರಹವಾಸಿಗಳ ಲಘುವ್ಯಾಕರಣ

ಪೀಠಿಕೆ

ಆಕಾಶದಿಂದ ಇಳಿದುಬರುವ ಅತಿಥಿಗಳ ಬಗ್ಗೆ ಖಗೋಳಜ್ಞರು ಬರೆದಿದ್ದಾರೆ, ದಾರ್ಶನಿಕರು ಬರೆದಿದ್ದಾರೆ, ವಾರಭವಿಷ್ಯದವರೂ ಕೈಲಾದಷ್ಟು ಬರೆದಿದ್ದಾರೆ. ಬರೆಯಬೇಕಾಗಿದ್ದ ಲೆಕ್ಕಪತ್ರದವರು ಮಾತ್ರ ಸುಮ್ಮನಿದ್ದಾರೆ. ಶಾಸ್ತ್ರ ಕೆಟ್ಟದ್ದೇ ಅಲ್ಲಿ. ಆದ್ದರಿಂದ ಅಮೆರಿಕದ 1950ರ ದಶಕದ ಅಗ್ಗದ ಚಿತ್ರಗಳನ್ನೇ ಮುಖ್ಯ ಪ್ರಮಾಣಗ್ರಂಥಗಳೆಂದು ಹಿಡಿದು ಈ ವ್ಯಾಕರಣವನ್ನು ರಚಿಸಲಾಗಿದೆ. ಅನ್ಯಗ್ರಹವಾಸಿಯ ರೂಪ, ಬುದ್ಧಿ, ವಾಹನಗಳೆಲ್ಲ ಅವನು ಹುಟ್ಟಿದ ಗ್ರಹದಿಂದ ಬರುತ್ತವೆ ಎಂಬುದು ಪೂರ್ವಪಕ್ಷ. ನಿರ್ಮಾಪಕನ ಜೇಬಿನಿಂದ ಬರುತ್ತವೆ ಎಂಬುದು ಸಿದ್ಧಾಂತ. ಜೇಬೇ ಧಾತು, ಉಳಿದದ್ದೆಲ್ಲ ಪ್ರತ್ಯಯ.

1. ಸಂಧಿ ಪ್ರಕರಣ

ಕಥೆಯೂ ಕಾಸೂ ಎದುರುಬದುರಾದಾಗ ಆಗುವ ವ್ಯತ್ಯಾಸಕ್ಕೆ ಸಂಧಿ ಎಂದು ಹೆಸರು. ಅದು ನಾಲ್ಕು ಬಗೆ.

ಪ್ರಕೃತಿಭಾವ: ಎರಡು ಪದಾರ್ಥಗಳು ಪಕ್ಕದಲ್ಲಿದ್ದೂ ಸೇರದೆ ಉಳಿಯುವುದು. ‘ರೋಬೋಟ್ ಮಾನ್‌ಸ್ಟರ್’ (1953) ಚಿತ್ರದ ನಿರ್ದೇಶಕ ಫಿಲ್ ಟಕರ್‌ಗೆ ಯಂತ್ರಮಾನವ ಬೇಕಿತ್ತು, ಯಂತ್ರದ ವೇಷ ಮಾಡಿಸುವಷ್ಟು ದುಡ್ಡಿರಲಿಲ್ಲ. ಜಾರ್ಜ್ ಬರೋಸ್ ಎಂಬ ನಟನ ಹತ್ತಿರ ಸ್ವಂತದ್ದೊಂದು ಗೊರಿಲ್ಲಾ ವೇಷವಿತ್ತು. ಅದರ ತಲೆಯ ಜಾಗದಲ್ಲಿ ಸಮುದ್ರದಾಳಕ್ಕೆ ಇಳಿಯುವವರ ಹೆಲ್ಮೆಟ್ ಕೂರಿಸಿದರು. ಗೊರಿಲ್ಲಾ ಗೊರಿಲ್ಲಾವಾಗಿಯೇ ಉಳಿಯಿತು, ಹೆಲ್ಮೆಟ್ ಹೆಲ್ಮೆಟ್ಟಾಗಿಯೇ ಉಳಿಯಿತು. ಸುಮಾರು 16,000 ಡಾಲರ್‌ನಲ್ಲಿ, ನಾಲ್ಕು ದಿನದಲ್ಲಿ, ಭೂಲೋಕದ ಮನುಷ್ಯಕುಲ ಹೆಚ್ಚುಕಮ್ಮಿ ಪೂರ್ತಿ ನಾಶವಾಯಿತು.

ಆಗಮ: ಇಲ್ಲದ್ದು ನಡುವೆ ಬಂದು ಕೂರುವುದು. ಇದೇ ಚಿತ್ರದಲ್ಲಿ ಕಾರಣವೇ ಇಲ್ಲದೆ ಡೈನೋಸಾರ್‌ಗಳು ಕಾದಾಡುತ್ತವೆ. ಅವುಗಳಲ್ಲಿ ಕೆಲವು ‘ಒನ್ ಮಿಲಿಯನ್ ಬಿ.ಸಿ.’ (1940) ಎಂಬ ಹಳೇ ಚಿತ್ರದಿಂದ ಬಂದವು. ಯಕಾರ, ವಕಾರಗಳ ಜೊತೆಗೆ ಡೈನಕಾರವನ್ನೂ ಇನ್ನು ಮುಂದೆ ಸೇರಿಸಿಕೊಳ್ಳತಕ್ಕದ್ದು.

ಆದೇಶ: ಒಬ್ಬನ ಜಾಗದಲ್ಲಿ ಇನ್ನೊಬ್ಬ ಬರುವುದು. ನಿರ್ದೇಶಕ ಎಡ್ ವುಡ್‌ನ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ ಇದಕ್ಕೆ ಶ್ರೇಷ್ಠ ಉದಾಹರಣೆ. ನಟ ಬೇಲಾ ಲುಗೋಸಿ ಒಂದಿಷ್ಟು ಮೂಕ ದೃಶ್ಯಗಳನ್ನು ಬಿಟ್ಟು 1956ರ ಆಗಸ್ಟ್‌ನಲ್ಲಿ ತೀರಿಕೊಂಡ. ಉಳಿದ ದೃಶ್ಯಗಳಿಗೆ ವುಡ್‌ನ ಹೆಂಡತಿಗೆ ಬೆನ್ನುಮೂಳೆ ಚಿಕಿತ್ಸೆ ಮಾಡುತ್ತಿದ್ದವನು ಬಂದ. ಲುಗೋಸಿಗಿಂತ ಎತ್ತರ, ಮುಖದಲ್ಲಿ ಹೋಲಿಕೆಯಿಲ್ಲ. ಆದ್ದರಿಂದ ಆತ ಚಿತ್ರದುದ್ದಕ್ಕೂ ಮೇಲಂಗಿಯನ್ನು ಮೂಗಿನವರೆಗೆ ಎಳೆದು ಹಿಡಿದುಕೊಂಡೇ ಓಡಾಡುತ್ತಾನೆ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾದಾಗ ‘ಕ’ಕಾರಕ್ಕೆ ಇಷ್ಟು ಸಂಕೋಚವಾದ ದಾಖಲೆ ಇಲ್ಲ.

ಲೋಪ: ಇರಬೇಕಾದದ್ದು ಬಿಟ್ಟುಹೋಗುವುದು. ‘ದಿ ಬೀಸ್ಟ್ ವಿತ್ ಎ ಮಿಲಿಯನ್ ಐಸ್’ (1955) ಪೋಸ್ಟರ್‌ನಲ್ಲಿ ಹತ್ತು ಲಕ್ಷ ಕಣ್ಣಿನ ಪ್ರಾಣಿಯ ಭರವಸೆ ಕೊಟ್ಟಿತು. ಚಿತ್ರದಲ್ಲಿ ಆ ಜೀವಿ ಮರುಭೂಮಿಯ ಹಕ್ಕಿ, ನಾಯಿ, ಹಸುಗಳ ಮನಸ್ಸಿನೊಳಗೆ ಹೊಕ್ಕು ಅವುಗಳ ಕಣ್ಣಿಂದ ನೋಡುತ್ತದೆ. ಕಣ್ಣಿನ ಲೆಕ್ಕವೂ ಸರಿಹೋಯಿತು, ಖರ್ಚೂ ಉಳಿಯಿತು. ಪರಕಾಯಪ್ರವೇಶ ವಿದ್ಯೆಯ ಮೂಲ ಯೋಗಶಾಸ್ತ್ರದಲ್ಲಿಲ್ಲ, ವೇಷಭೂಷಣದ ಬಿಲ್ಲಿನಲ್ಲಿದೆ ಎಂಬುದು ಇದರಿಂದ ಸಿದ್ಧ.

2. ವಿಭಕ್ತಿ ಪ್ರಕರಣ

ತೃತೀಯಾ (ಇಂದ): ಯಾವುದರಿಂದ ಭೂಮಿಯನ್ನು ಗೆಲ್ಲುತ್ತಾರೆ? ಸೋಪಿನ ಗುಳ್ಳೆಯಿಂದ. ‘ರೋಬೋಟ್ ಮಾನ್‌ಸ್ಟರ್’ನ ಗುಹೆಯಲ್ಲಿ ಗುಳ್ಳೆ ಉಗುಳುವ ಯಂತ್ರವೊಂದು ಮೇಜಿನ ಮೇಲೆ ಕೂತಿದೆ. ಅದರ ಕೆಲಸವೇನೆಂದು ಯಾರೂ ವಿವರಿಸುವುದಿಲ್ಲ, ಆದರೆ ಹೆಸರುಪಟ್ಟಿಯಲ್ಲಿ ಅದಕ್ಕೂ ಸ್ಥಾನವಿದೆ.

ಪಂಚಮೀ (ದೆಸೆಯಿಂದ): ಯಾರ ದೆಸೆಯಿಂದ ಬರುತ್ತಾರೆ? ‘ಪ್ಲಾನ್ 9’ ತಂಡ ಬ್ಯಾಪ್ಟಿಸ್ಟ್ ಚರ್ಚಿನವರ ದೆಸೆಯಿಂದ ಬಂತು. ಬಂಡವಾಳ ಹಾಕಿದ ಆ ಚರ್ಚಿನ ಎಡ್ವರ್ಡ್ ರೆನಾಲ್ಡ್ಸ್ ಚಿತ್ರದಲ್ಲಿ ಗೋರಿ ತೋಡುವವನ ಪಾತ್ರವನ್ನೂ ಮಾಡಿದರು. ಹಣ ಹೂಡಿದವನೇ ಗುಂಡಿ ತೋಡುವ ಪ್ರಯೋಗ ಚಿತ್ರರಂಗದಲ್ಲಿ ರೂಢಿಯಾದರೂ ಹೀಗೆ ಪರದೆಯ ಮೇಲೆ ಕಾಣಿಸುವುದು ಅಪರೂಪ.

ಸಪ್ತಮೀ (ಅಲ್ಲಿ): ಎಲ್ಲಿ ಇಳಿಯುತ್ತಾರೆ? ಬ್ರಾನ್ಸನ್ ಕಣಿವೆಯಲ್ಲಿ. ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿನೊಳಗಿನ ಈ ಜಾಗ ಹಳೇ ಕಲ್ಲುಕ್ವಾರಿ. ನಗರದ ರಸ್ತೆಗಳಿಗೆ ಜಲ್ಲಿ ಕೊಟ್ಟು ಮುಗಿದ ಮೇಲೆ ಹಾಲಿವುಡ್‌ಗೆ ಗ್ರಹಗಳನ್ನು ಒದಗಿಸತೊಡಗಿತು. ‘ರೋಬೋಟ್ ಮಾನ್‌ಸ್ಟರ್’ನ ಗೊರಿಲ್ಲಾ ಇಲ್ಲೇ ಬಿಡಾರ ಹೂಡಿದ. ‘ಇಟ್ ಕಾಂಕರ್ಡ್ ದ ವರ್ಲ್ಡ್’ನ (1956) ಶುಕ್ರಗ್ರಹವಾಸಿಯೂ ಇದೇ ಗವಿಗೆ ಬಂದ. ‘ಇನ್‌ವೇಷನ್ ಆಫ್ ದ ಬಾಡಿ ಸ್ನ್ಯಾಚರ್ಸ್’ನ (1956) ನಾಯಕ-ನಾಯಕಿ ಅಡಗಿದ್ದೂ ಇಲ್ಲೇ. ಕೋಟ್ಯಂತರ ಮೈಲಿ ದಾರಿ ತಪ್ಪದೆ ಬರುವವರಿಗೆ ಸ್ಟುಡಿಯೊದಿಂದ ಕಾರಿನಲ್ಲಿ ತಲುಪುವ ಜಾಗವೇ ಸಿಗುವುದನ್ನು ಕಾಕತಾಳೀಯ ಎನ್ನುವವರು ಪೆಟ್ರೋಲಿನ ಬೆಲೆ ತಿಳಿಯದವರು.

3. ಅವ್ಯಯ ಪ್ರಕರಣ

ಲಿಂಗ, ವಚನ, ವಿಭಕ್ತಿಗಳಿಂದ ವಿಕಾರ ಹೊಂದದ್ದು ಅವ್ಯಯ. ‘ದ ಬ್ಲಾಬ್’ (1958) ಅಂಥದ್ದು. ಕೈಕಾಲು, ಮುಖ ಯಾವುದೂ ಇಲ್ಲ. ಬಣ್ಣ ಹಾಕಿದ ಸಿಲಿಕೋನಿನ ಕೆಂಪು ಮುದ್ದೆ ಬಾಗಿಲ ಸಂದಿಯಿಂದ ಒಸರುತ್ತದೆ, ಊರು ನುಂಗುತ್ತದೆ. ಅದಕ್ಕೆ ವೇಷ ಹೊಲಿಸಬೇಕಿಲ್ಲ, ಸಂಭಾಷಣೆ ಕಲಿಸಬೇಕಿಲ್ಲ. ಪೆನ್ಸಿಲ್ವೇನಿಯಾದ ಫೀನಿಕ್ಸ್‌ವಿಲ್ ಊರಿನ ಕಲೋನಿಯಲ್ ಥಿಯೇಟರಿನಿಂದ ಜನ ಕಿರುಚುತ್ತಾ ಓಡಿಬರುವ ದೃಶ್ಯ ಆ ಊರಿನವರಿಗೆ ಎಷ್ಟು ಹಿಡಿಸಿತೆಂದರೆ ಈಗ ವರ್ಷಕ್ಕೊಮ್ಮೆ ಹಬ್ಬ ಮಾಡಿ ಅದೇ ಬಾಗಿಲಿನಿಂದ ಅದೇ ರೀತಿ ಓಡುತ್ತಾರೆ.

4. ಅನ್ವಯ ದೋಷ

ವಾಕ್ಯದ ಕರ್ತೃ ಒಂದು ಕಡೆ, ಕ್ರಿಯೆ ಇನ್ನೊಂದು ಕಡೆ ಹೋದರೆ ಅನ್ವಯ ಕೆಡುತ್ತದೆ. ‘ದ ಜಯಂಟ್ ಕ್ಲಾ’ (1957) ಚಿತ್ರದಲ್ಲಿ ನಟರು ಬಾಹ್ಯಾಕಾಶದ ಭೀಕರ ಹಕ್ಕಿಯನ್ನು ಕಂಡು ನಿಜವಾಗಿಯೂ ನಡುಗುತ್ತಾರೆ. ಆದರೆ ನಟಿಸುವಾಗ ಅವರು ಹಕ್ಕಿಯನ್ನು ನೋಡಿರಲಿಲ್ಲ. ಹಕ್ಕಿ ಆಮೇಲೆ ಬಂತು: ಉದ್ದ ಕತ್ತು, ಉಬ್ಬಿದ ಕಣ್ಣು, ನೆತ್ತಿಯ ಮೇಲೆ ಕೆದರಿದ ಕುಚ್ಚು. ನಾಯಕ ಜೆಫ್ ಮಾರೋ ಅದನ್ನು ಮೊದಲ ಬಾರಿ ಕಂಡದ್ದು ತನ್ನೂರಿನ ಥಿಯೇಟರಿನಲ್ಲಿ, ಜನರ ನಗುವಿನ ನಡುವೆ. ಯಾರೂ ಗುರುತಿಸುವ ಮೊದಲೇ ಮನೆಗೆ ಜಾರಿಕೊಂಡೆ ಎಂದು ಆತನೇ ಮುಂದೆ ಹೇಳಿಕೊಂಡ.

‘ಇಟ್ ಕಾಂಕರ್ಡ್ ದ ವರ್ಲ್ಡ್’ನದು ಇನ್ನೊಂದು ಬಗೆಯ ದೋಷ. ಗುರುತ್ವ ಹೆಚ್ಚಿರುವ ಗ್ರಹದ ಜೀವಿ ಕುಳ್ಳಗೆ, ನೆಲಕ್ಕಂಟಿಕೊಂಡಂತೆ ಇರಬೇಕೆಂದು ನಿರ್ದೇಶಕ ರೋಜರ್ ಕಾರ್ಮನ್ ತರ್ಕಿಸಿದ. ಶುಕ್ರನ ಗುರುತ್ವ ಭೂಮಿಗಿಂತ ತುಸು ಕಡಿಮೆಯೇ ಎಂಬುದು ಬೇರೆ ಮಾತು. ನಾಯಕಿ ಬೆವರ್ಲಿ ಗಾರ್ಲೆಂಡ್ ಬಂದು ಆ ಲೋಕವಿಜೇತನನ್ನು ತಲೆಬಗ್ಗಿಸಿ ನೋಡಿ ನಕ್ಕಳು. ಕೂಡಲೇ ಅದರ ನೆತ್ತಿಯನ್ನು ಎತ್ತರಿಸಿದರು. ಕೊನೆಗೆ ಗವಿಯಿಂದ ಹೊರಬಂದದ್ದು ಹಲ್ಲು ಕಿರಿಯುವ, ಏಡಿಕೈಗಳಿರುವ ಬೃಹತ್ ಸೌತೆಕಾಯಿ. ಗವಿಯೊಳಗಿದ್ದಷ್ಟು ಹೊತ್ತು ಅದು ಭಯಂಕರವೇ ಆಗಿತ್ತು ಎಂಬುದನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು.

5. ಸಿದ್ಧಾಂತ

ಮೇಲಿನ ಪ್ರಯೋಗಗಳಿಂದ ಒಂದು ನಿಯಮ ಹೊರಡುತ್ತದೆ: ಆಗಮದಿಂದ ನಗು, ಲೋಪದಿಂದ ಭಯ. ಬಡವ ತೋರಿಸಹೊರಟಲ್ಲಿ ಸೋತ, ತೋರಿಸಲಾಗದೆ ಬಿಟ್ಟಲ್ಲಿ ಗೆದ್ದ. ‘ಬಾಡಿ ಸ್ನ್ಯಾಚರ್ಸ್’ನಲ್ಲಿ ಆಕಾಶದಿಂದ ಬಂದ ಬೀಜಕೋಶಗಳು ಮನುಷ್ಯರ ಪಡಿಯಚ್ಚು ತಯಾರಿಸುತ್ತವೆ. ಪಕ್ಕದ ಮನೆಯವನ ಮುಖ ಅದೇ, ಅಂಗಿ ಅದೇ, ಒಳಗೆ ಮಾತ್ರ ಅವನಿಲ್ಲ. ಇದು ಆದೇಶವೂ ಹೌದು, ಲೋಪವೂ ಹೌದು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ನಿದ್ದೆ ಕೆಡಿಸಿದ ಚಿತ್ರ ಕಡಿಮೆ.

ಆಕ್ಷೇಪ: ದುಡ್ಡಿದ್ದವರಿಗೂ ಈ ನಿಯಮ ಅನ್ವಯಿಸುತ್ತದೆಯೇ? ಸಮಾಧಾನ: ‘ಡಾರ್ಕ್ ಸ್ಟಾರ್’ (1974) ವಿದ್ಯಾರ್ಥಿಗಳ ಚಿತ್ರವಾಗಿ ಶುರುವಾಯಿತು. ಅದರ ಅನ್ಯಗ್ರಹ ಪ್ರಾಣಿ ಎಂದರೆ ಗಾಳಿ ತುಂಬಿದ ಬೀಚ್ ಚೆಂಡು, ಕೆಳಗೆ ಎರಡು ಪಾದ. ಅದರೊಂದಿಗೆ ಗುದ್ದಾಡಿದ ನಟ, ಸಹಲೇಖಕ ಡ್ಯಾನ್ ಓಬ್ಯಾನನ್‌ಗೆ ಹೆದರಿಸುವ ಆಸೆ ತೀರಿರಲಿಲ್ಲ. ಆಮೇಲೆ ಆತ ಬರೆದದ್ದು ‘ಏಲಿಯನ್’ (1979). ಅಲ್ಲಿ ದುಡ್ಡಿತ್ತು, ವೇಷವಿತ್ತು, ಆದರೂ ನಿರ್ದೇಶಕ ರಿಡ್ಲಿ ಸ್ಕಾಟ್ ಪ್ರಾಣಿಯನ್ನು ಕತ್ತಲಲ್ಲಿ, ಹಬೆಯಲ್ಲಿ ಮರೆಮಾಡಿ ಕೆಲವೇ ನಿಮಿಷ ತೋರಿಸಿದ. ಬಡವರು ಗತಿಯಿಲ್ಲದೆ ಆಡಿದ ಮಾತು ಶ್ರೀಮಂತರ ಬಾಯಲ್ಲಿ ಶಿಷ್ಟಪ್ರಯೋಗವಾಯಿತು.

ಅಭ್ಯಾಸ

ಅ) ಕೂಡಿಸಿ ಬರೆದು ಸಂಧಿಯನ್ನು ಹೆಸರಿಸಿ: ಬೀಚ್ ಚೆಂಡು + ಪಾದ.

ಆ) ಸ್ವಂತ ವಾಕ್ಯದಲ್ಲಿ ಬಳಸಿ: ಸೋಪಿನ ಗುಳ್ಳೆ, ಭೂಮಂಡಲ ವಿಜಯ.

ಇ) ಮೊದಲ ದೃಶ್ಯದಲ್ಲೇ ಪ್ರಾಣಿಯನ್ನು ಕಾಲಿನಿಂದ ಕೊಂಬಿನವರೆಗೆ ತೋರಿಸುವ ಕೋಟಿಗಟ್ಟಲೆ ಬಜೆಟ್ಟಿನ ಚಿತ್ರದ ದೋಷವನ್ನು ಕಾರಣ ಸಹಿತ ವಿವರಿಸಿ. ಕಾರಣ ತಿಳಿಯದವರು ನಿರ್ಮಾಪಕನ ಹೆಸರು ಬರೆದರೂ ಅರ್ಧ ಅಂಕ.