ಕೆಮ್ಮಿನ ಸಿನಿಮಾ

ದೋಹಾಕ್ಕೆ ಕನ್ನಡ ಸಿನಿಮಾ ಬರುವುದೆಂದರೆ ಮಳೆ ಬಂದ ಹಾಗೆ. ಚೆನ್ನಾಗಿದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ, ಓಡಿಹೋಗಿ ನೆನೆಯುತ್ತೇವೆ. ಆ ಶುಕ್ರವಾರ ನಾವೂ ಮೆಟ್ರೋ ಹತ್ತಿ ವೆಸ್ಟ್ ಬೇಗೆ ಹೋದೆವು. ಪೋಸ್ಟರಿನಲ್ಲಿ ‘ಮನೆಮಂದಿಯೆಲ್ಲ ನೋಡುವ ಹಾಸ್ಯಚಿತ್ರ’ ಎಂದಿತ್ತು. ವಿಸಿಟ್ ವೀಸಾದಲ್ಲಿ ಬಂದಿದ್ದ ಅಮ್ಮ ಜರಿಸೀರೆಯನ್ನೇ ಉಟ್ಟಿದ್ದಳು.

ಮೊದಲ ಜೋಕಿಗೆ ನಾನು ಕೆಮ್ಮಿದೆ. ಎರಡನೆಯದಕ್ಕೆ ಹೆಂಡತಿ ಮಗನ ಬಾಯಿಗೆ ಪಾಪ್‌ಕಾರ್ನ್ ತುರುಕಿದಳು. ಮೂರನೆಯದಕ್ಕೆ ಅವನು, “ಅಪ್ಪಾ, ಹಿಂದಿನ ಅಂಕಲ್ ಯಾಕೆ ನಕ್ಕರು?” ಎಂದ. ಗಣಿತದ ಹೋಂವರ್ಕ್ ಮುಗೀತಾ ಎಂದು ಕೇಳಿದೆ. ಬೇರೇನು ಕೇಳಲಿ?

ನಮ್ಮ ಸೆನ್ಸಾರಿನವರು 2024ರಲ್ಲಿ ಯು/ಎ ದರ್ಜೆಯನ್ನು 7, 13, 16 ವರ್ಷ ಎಂದು ಮೂರು ಹೋಳು ಮಾಡಿದರು. ಅಮ್ಮನ ಪಕ್ಕ ಕೂತ ನಲವತ್ತೈದರ ಮಗನಿಗೆ ಯಾವ ಹೋಳು ಎಂದು ಮಾತ್ರ ಹೇಳಲಿಲ್ಲ. 1990ರ ‘ಗಣೇಶನ ಮದುವೆ’ಯಲ್ಲಿ ಫಣಿ ರಾಮಚಂದ್ರ ಒಂದು ವಠಾರ, ಒಬ್ಬ ಅನಂತನಾಗ್ ಇಟ್ಟುಕೊಂಡೇ ನಗಿಸಿದ್ದರು. ಆಗ ಯಾರಿಗೂ ಕೆಮ್ಮು ಬಂದ ನೆನಪಿಲ್ಲ.

ಹೊರಗೆ ಬಂದು ಅಳುಕುತ್ತಲೇ, “ಹೇಗಿತ್ತಮ್ಮಾ?” ಎಂದೆ.

“ಎ.ಸಿ. ಚೆನ್ನಾಗಿತ್ತು ಕಣೋ. ಐದೇ ನಿಮಿಷಕ್ಕೆ ನಿದ್ದೆ ಹತ್ತಿಬಿಡ್ತು.”

ಪಕ್ಕದಲ್ಲೇ ಕೂತಿದ್ದ ನನಗೆ ಅವಳ ಗೊರಕೆ ಒಮ್ಮೆಯೂ ಕೇಳಿಸಿರಲಿಲ್ಲ.